‘ಆಗುತ್ತೆ ಮೇಡಂ’ ಎಂದವರು ಕೊನೇ ದಿನ ಕೈ ಎತ್ತಿದರೆ?

ಪ್ರಶ್ನೆ: ಪೀಣ್ಯದ ಒಂದು ಸಣ್ಣ ಕಾರ್ಖಾನೆಯಲ್ಲಿ ಪ್ರಾಜೆಕ್ಟ್ ಕೋಆರ್ಡಿನೇಟರ್ ಆಗಿದ್ದೇನೆ. ಡಿಸೈನ್, ಪರ್ಚೇಸ್, ಶಾಪ್ ಫ್ಲೋರ್, ಕ್ವಾಲಿಟಿ ಎಲ್ಲ ಸೇರಿ ಹದಿನೈದು ಜನ. ಜಗಳವಿಲ್ಲ, ಊಟದ ಡಬ್ಬಿ ಹಂಚಿಕೊಂಡು ತಿನ್ನುತ್ತಾರೆ. ಆದರೆ ಸೋಮವಾರ ಕೇಳಿದರೆ ‘ಆಗುತ್ತೆ ಮೇಡಂ’ ಅನ್ನುವವರು ಡಿಸ್ಪ್ಯಾಚ್ ಹಿಂದಿನ ದಿನ ‘ಮೆಟೀರಿಯಲ್ಲೇ ಬಂದಿಲ್ಲ’ ಅನ್ನುತ್ತಾರೆ. ಹೋದ ತಿಂಗಳು ಹಳೇ ರಿವಿಷನ್ ಡ್ರಾಯಿಂಗ್ ನೋಡಿ ಪ್ಲೇಟ್ ಕೊರೆದು ಎಲ್ಲ ಸ್ಕ್ರ್ಯಾಪ್ ಆಯಿತು. ಓನರ್ ಈಗ ‘ಟೀಮ್ ಬಿಲ್ಡಿಂಗ್ ಮಾಡಿಸಿ’ ಅಂದಿದ್ದಾರೆ. ಹೋದ ವರ್ಷ ರೆಸಾರ್ಟ್‌ಗೆ ಹೋಗಿ ಹಗ್ಗ ಜಗ್ಗಿ ಬಂದೆವು. ಫೋಟೊ ಬಿಟ್ಟರೆ ಏನೂ ಉಳಿಯಲಿಲ್ಲ. ಆಟ ಆಡಿಸಿದರೆ ಇದು ಸರಿಹೋಗುತ್ತದೆಯೇ?
— ಹೆಸರು ಬೇಡ, ಬೆಂಗಳೂರು

ಉತ್ತರ: ನಿಮ್ಮವರಲ್ಲಿ ಸ್ನೇಹಕ್ಕೇನೂ ಕೊರತೆಯಿಲ್ಲ. ಹಾಗಾಗಿಯೇ ರೆಸಾರ್ಟ್ ಕೆಲಸಕ್ಕೆ ಬರಲಿಲ್ಲ. ‘ಇದು ಆಗಲ್ಲ’ ಎಂದು ಹೊತ್ತಿಗೆ ಸರಿಯಾಗಿ ಹೇಳುವ ಅಭ್ಯಾಸ ಅವರಿಗಿಲ್ಲ. ಅದಕ್ಕೆ ತಕ್ಕ ಆಟ ಆರಿಸಿಕೊಂಡರೆ ಶನಿವಾರದ ಅರ್ಧ ದಿನ ಸಾಕು, ಊರು ಬಿಟ್ಟು ಹೋಗಬೇಕಿಲ್ಲ. ಡ್ಯೂಟಿ ಹೊತ್ತಿನಲ್ಲೇ ಮಾಡಿಸಿ. ಜನರ ಭಾನುವಾರಕ್ಕೆ ಕೈ ಹಾಕಬೇಡಿ.

ಮೊದಲು ಬೆನ್ನಿಗೆ ಬೆನ್ನು ಕೊಟ್ಟು ಕೂತು ಚಿತ್ರ ಬರೆಯುವ ಆಟ. ಒಬ್ಬರ ಕೈಯಲ್ಲಿ ಸರಳವಾದ ಒಂದು ಆಕೃತಿ, ಇನ್ನೊಬ್ಬರ ಕೈಯಲ್ಲಿ ಖಾಲಿ ಹಾಳೆ. ಮೊದಲನೆಯವರು ಬಾಯಲ್ಲಿ ಹೇಳುತ್ತಾ ಹೋಗಬೇಕು, ಎರಡನೆಯವರು ಕೇಳಿಸಿಕೊಂಡು ಬರೆಯಬೇಕು. ಮೊದಲ ಸುತ್ತಿನಲ್ಲಿ ಪ್ರಶ್ನೆ ಕೇಳುವಂತಿಲ್ಲ. ಎರಡನೇ ಸುತ್ತಿನಲ್ಲಿ ಎಷ್ಟು ಬೇಕಾದರೂ ಕೇಳಬಹುದು. ಎರಡೂ ಹಾಳೆಗಳನ್ನು ಪಕ್ಕಪಕ್ಕ ಗೋಡೆಗೆ ಅಂಟಿಸಿ. ಬರೆಯಲು ಡಿಸೈನ್‌ನವರನ್ನು ಕೂರಿಸಿ, ಹೇಳುವ ಕೆಲಸ ಆಪರೇಟರ್‌ಗೆ ಕೊಡಿ. ದಿನಾ ಡ್ರಾಯಿಂಗ್ ಕಳಿಸಿ ಕೈ ತೊಳೆದುಕೊಳ್ಳುವವರಿಗೆ, ಇನ್ನೊಬ್ಬರ ಮನಸ್ಸಿನಲ್ಲಿರುವುದನ್ನು ಊಹಿಸುವ ಕಷ್ಟ ಆಗ ತಿಳಿಯುತ್ತದೆ. ಕನ್ನಡ ಬಾರದ ಹುಡುಗರಿದ್ದರೆ ಹಿಂದಿಯಲ್ಲೂ ನಿಯಮ ಹೇಳಿ, ಇಲ್ಲವಾದರೆ ಅವರು ಮೂಲೆಯಲ್ಲೇ ನಿಂತುಬಿಡುತ್ತಾರೆ.

ಇನ್ನೊಂದು ಆಟ ಪೀಟರ್ ಸ್ಕಿಲ್‌ಮನ್ ರೂಪಿಸಿದ್ದು. 2010ರ ಟೆಡ್ ಭಾಷಣದಲ್ಲಿ ಟಾಮ್ ವುಜೆಕ್ ವಿವರಿಸಿದ ಮೇಲೆ ಜಗತ್ತಿಗೆಲ್ಲ ಗೊತ್ತಾಯಿತು. ನಾಲ್ಕು ಜನರ ಗುಂಪಿಗೆ 20 ಹಸಿ ಸ್ಪಗೆಟಿ ಕಡ್ಡಿ, ಒಂದು ಗಜ ಟೇಪ್, ಒಂದು ಗಜ ದಾರ, ಒಂದು ಮಾರ್ಷ್‌ಮ್ಯಾಲೊ ಮಿಠಾಯಿ. (ನಮ್ಮ ಶಾವಿಗೆ ಇದಕ್ಕಾಗದು, ಮುಟ್ಟಿದರೆ ಮುರಿಯುತ್ತದೆ.) 18 ನಿಮಿಷದಲ್ಲಿ ಆದಷ್ಟು ಎತ್ತರದ ಗೋಪುರ ಕಟ್ಟಿ ತುದಿಯಲ್ಲಿ ಮಿಠಾಯಿ ನಿಲ್ಲಿಸಬೇಕು. ಎಂಬಿಎ ಹುಡುಗರು ಚರ್ಚಿಸಿ, ಪ್ಲಾನ್ ಹಾಕಿ, ಕಟ್ಟಿ, ಕೊನೇ ನಿಮಿಷದಲ್ಲಿ ಮಿಠಾಯಿ ಇಡುತ್ತಾರೆ. ಗೋಪುರ ಬಾಗಿ ಬೀಳುತ್ತದೆ. ಎಲ್‌ಕೆಜಿ, ಯುಕೆಜಿ ವಯಸ್ಸಿನ ಮಕ್ಕಳು ಅವರಿಗಿಂತ ಎತ್ತರ ಕಟ್ಟುತ್ತಾರೆ. ಏಕೆಂದರೆ ಅವರು ಮೊದಲಿನಿಂದಲೇ ಮಿಠಾಯಿ ಇಟ್ಟು ನೋಡುತ್ತಾ, ಬಿದ್ದರೆ ಸರಿಮಾಡುತ್ತಾ ಹೋಗುತ್ತಾರೆ. ನಿಮ್ಮ ಶಾಪ್ ಫ್ಲೋರ್‌ನಲ್ಲಿ ಇದಕ್ಕೆ ಫಸ್ಟ್ ಪೀಸ್ ಅಪ್ರೂವಲ್ ಅನ್ನುತ್ತಾರೆ. ಮೆಷಿನ್ ಮೇಲೆ ಪಾಲಿಸುವ ಈ ಶಿಸ್ತು ಪ್ರಾಜೆಕ್ಟ್ ಶೆಡ್ಯೂಲ್‌ನಲ್ಲಿ ಏಕಿಲ್ಲ ಎಂದು ಅಲ್ಲೇ ಕೇಳಿ. ಕಂಪನಿ ಮುಖ್ಯಸ್ಥರ ಗುಂಪಿಗೆ ಕಚೇರಿ ಸಹಾಯಕರೊಬ್ಬರು ಸೇರಿದಾಗ ಗೋಪುರ ಚೆನ್ನಾಗಿ ಎದ್ದಿತಂತೆ. ಎಲ್ಲರನ್ನೂ ಜೋಡಿಸುವ ನಿಮ್ಮಂಥವರ ಕೆಲಸಕ್ಕೆ ಬೆಲೆಯಿದೆ ಎಂದು ಓನರ್‌ಗೂ ತಿಳಿಯಲಿ.

ಆಟ ಮುಗಿದ ಕೂಡಲೇ ಬೋಂಡಾ, ಕಾಫಿಗೆ ಓಡಬೇಡಿ. ಏನಾಗಬೇಕಿತ್ತು, ಏನಾಯಿತು, ಏಕೆ, ಮುಂದಿನ ಆರ್ಡರ್‌ಗೆ ಏನು ಬದಲಿಸೋಣ ಎಂದು ಅರ್ಧ ಗಂಟೆ ಮಾತಾಡಿ. ಅತಿ ಕಿರಿಯರು ಮೊದಲು, ಓನರ್ ಕೊನೆಗೆ.

ಆಮೇಲೆ ಆಟವಲ್ಲದ ಒಂದು ಕೆಲಸ ಮಾಡಿಸಿ. ನನ್ನ ಲೆಕ್ಕದಲ್ಲಿ ಇಡೀ ಕಾರ್ಯಕ್ರಮದ ಹೂರಣ ಇದೇ. ಕೈಯಲ್ಲಿರುವ ನಿಜವಾದ ಆರ್ಡರ್ ಒಂದನ್ನು ಮುಂದಿಟ್ಟು, ‘ಮೂರು ತಿಂಗಳಾಗಿದೆ, ಈ ಕೆಲಸ ಪೂರ್ತಿ ಕೆಟ್ಟುಹೋಗಿದೆ. ಏಕೆ ಕೆಟ್ಟಿತು?’ ಎಂದು ಕೇಳಿ. ಎಲ್ಲರೂ ಚೀಟಿಯಲ್ಲಿ ಬರೆಯಲಿ, ಹೆಸರು ಬೇಡ. ಮನಶ್ಶಾಸ್ತ್ರಜ್ಞ ಗ್ಯಾರಿ ಕ್ಲೈನ್ ‘ಪ್ರಿಮಾರ್ಟಮ್’ ಹೆಸರಿನಲ್ಲಿ 2007ರಲ್ಲಿ ಹಾರ್ವರ್ಡ್ ಬಿಸಿನೆಸ್ ರಿವ್ಯೂನಲ್ಲಿ ಬರೆದ ವಿಧಾನವಿದು. ‘ಏನಾದರೂ ತೊಂದರೆ ಇದೆಯಾ?’ ಎಂದರೆ ಸುಮ್ಮನಿರುವವರು, ಕೆಟ್ಟೇಹೋಗಿದೆ ಎಂದುಕೊಂಡಾಗ ಧಾರಾಳವಾಗಿ ಕಾರಣ ಕೊಡುತ್ತಾರೆ. ಸಪ್ಲೈಯರ್ ತಡ ಮಾಡುವುದು, ಹಳೇ ಡ್ರಾಯಿಂಗ್ ವಾಟ್ಸ್‌ಆ್ಯಪ್‌ನಲ್ಲಿ ಓಡಾಡುತ್ತಿರುವುದು ಎಲ್ಲ ಆ ಚೀಟಿಗಳಲ್ಲಿ ಹೊರಬಂದೀತು. ಪ್ರತಿ ಕಾರಣಕ್ಕೂ ಒಬ್ಬ ಜವಾಬ್ದಾರರ ಹೆಸರು, ಒಂದು ದಿನಾಂಕ ಬರೆದು ಬೋರ್ಡಿಗೆ ಹಾಕಿ.

ಸೋಮವಾರದಿಂದ ನೀವೂ ಪ್ರಶ್ನೆ ಬದಲಿಸಿ. ‘ಆಗುತ್ತಾ?’ ಎಂದು ಕೇಳಿದರೆ ‘ಆಗುತ್ತೆ’ ಅಂತಲೇ ಉತ್ತರ ಬರುವುದು. ‘ಯಾವುದು ನಿಂತಿದೆ, ಯಾರಿಂದ ಏನು ಬರಬೇಕು?’ ಎಂದು ಕೇಳಿ.

ಇಷ್ಟೆಲ್ಲ ಮಾಡಿಯೂ ಓನರ್ ಒಬ್ಬರು ಎಲ್ಲವನ್ನೂ ಕೆಡಿಸಬಹುದು. ಹಾರ್ವರ್ಡ್‌ನ ಏಮಿ ಎಡ್ಮಂಡ್ಸನ್ ಆಸ್ಪತ್ರೆ ತಂಡಗಳನ್ನು ಅಭ್ಯಸಿಸಿದಾಗ, ಚೆನ್ನಾಗಿ ನಡೆಯುತ್ತಿದ್ದ ತಂಡಗಳಲ್ಲೇ ಹೆಚ್ಚು ತಪ್ಪುಗಳು ದಾಖಲಾಗಿದ್ದವು. ಅಲ್ಲಿ ತಪ್ಪನ್ನು ಮುಚ್ಚಿಡಬೇಕಾದ ಹೆದರಿಕೆ ಇರಲಿಲ್ಲ. ನಿಮ್ಮಲ್ಲಿ ಮೊದಲ ಬಾರಿ ‘ಆಗಲ್ಲ’ ಎಂದವರು ಎಲ್ಲರೆದುರು ಬೈಸಿಕೊಂಡರೆ, ಎರಡನೆಯವರು ಬಾಯಿ ಬಿಡುವುದಿಲ್ಲ. ಶನಿವಾರಕ್ಕೆ ಮುಂಚೆ ಓನರ್ ಜೊತೆ ನೀವೊಬ್ಬರೇ ಕೂತು ಈ ಮಾತು ಆಡಿ. ಅವರು ಒಪ್ಪದಿದ್ದರೆ ಆಟದ ಯೋಚನೆ ಬಿಡಿ, ಅದೇ ದುಡ್ಡಿನಲ್ಲಿ ಎಲ್ಲರಿಗೂ ಒಂದು ಒಳ್ಳೇ ಊಟ ಹಾಕಿಸಿ.