ಬಿಸಿನೀರು ಮತ್ತು ಮೂರ್ಛೆ

ಕಟಕೋಳದ ಒಂದು ಮನೆ ಎಂದುಕೊಳ್ಳೋಣ. ಹಂಡೆಯಲ್ಲಿ ನೀರು ಕುದಿಯುತ್ತಿದೆ. ತಾಯಿ ಹತ್ತು ವರ್ಷದ ಮಗನಿಗೆ ತಲೆಗೆ ಎರೆಯುತ್ತಿದ್ದಾಳೆ. ನಾಲ್ಕು ತಂಬಿಗೆ ಸುರಿದಳು.

"ಯವ್ವಾ, ಏನೋ ಸುಟ್ಟ ವಾಸನಿ ಬರಾಕತ್ತೈತಿ."

"ಏನೂ ಇಲ್ಲೋ ತಮ್ಮಾ, ಸುಮ್ನ ಕುಂಡ್ರು."

ಹುಡುಗ ಮಂಕಾಗಿ ನೋಡತೊಡಗಿದ. ಏನೇನೋ ಮಾತಾಡಿದ. ತಂಬಿಗೆ ಕಸಿದು ತಾನೇ ತಲೆಗೆ ಸುರಿದುಕೊಂಡ. ಆಮೇಲೆ ಕೈಕಾಲು ಸೆಟೆದು ಬಿದ್ದ.

"ಗಾಳಿ ಸೋಕೇತಿ, ತಾಯತ ಕಟ್ಟಸ್ರಿ" ಎಂದಳು ಅಜ್ಜಿ.

ಇದು ಗಾಳಿಯಲ್ಲ. ಮೂರ್ಛೆರೋಗದ ಒಂದು ಬಗೆ. ಬಿಸಿನೀರು ತಲೆಗೆ ಬಿದ್ದಾಗ ಬರುತ್ತದೆ. ಬೇರೆ ದೇಶಗಳಲ್ಲಿ ಇದು ಅಪರೂಪ. ನಮ್ಮ ಕರ್ನಾಟಕದಲ್ಲಿ, ಅದರಲ್ಲೂ ದಕ್ಷಿಣದ ಜಿಲ್ಲೆಗಳಲ್ಲಿ ಹೆಚ್ಚು ಕಂಡಿದೆ. ಬೆಂಗಳೂರಿನ ನಿಮ್ಹಾನ್ಸ್ ಆಸ್ಪತ್ರೆಯ ಡಾ. ಸತೀಶ್ಚಂದ್ರ ಮತ್ತು ಅವರ ಜೊತೆಯ ವೈದ್ಯರು ಇದನ್ನು ಬಹಳ ವರ್ಷ ಅಭ್ಯಾಸ ಮಾಡಿದರು. ಗಂಡುಹುಡುಗರಲ್ಲಿ ಇದು ಹೆಚ್ಚು. ಆಗ ಕೆಲವರಿಗೆ ಹೆದರಿಕೆಯಾಗುತ್ತದೆ. ಕೆಲವರಿಗೆ ಹಿತವಾಗುತ್ತದೆ, ಅದಕ್ಕೇ ನೀರು ಸುರಿದುಕೊಳ್ಳುತ್ತಲೇ ಇರುತ್ತಾರೆ. ಹುಡುಗನಿಗೆ ಹಟಮಾರಿ ಎಂದು ಹೊಡೆಯಬೇಡಿ.

ಹಾಗಾದರೆ ಇಲ್ಲದ ವಾಸನೆ ಎಲ್ಲಿಂದ ಬಂತು? ನಮ್ಮ ಮಿದುಳು ಸಣ್ಣ ವಿದ್ಯುತ್ತಿನಿಂದ ಕೆಲಸ ಮಾಡುತ್ತದೆ. ಮೂರ್ಛೆಯಲ್ಲಿ ಆ ವಿದ್ಯುತ್ತು ಒಮ್ಮೆಲೇ ಹೆಚ್ಚಾಗುತ್ತದೆ. ವಾಸನೆ ತಿಳಿಯುವ ಜಾಗದಲ್ಲಿ ಹೆಚ್ಚಾದರೆ ವಾಸನೆ ಬರುತ್ತದೆ. ನೋಡುವ ಜಾಗದಲ್ಲಾದರೆ ಬಣ್ಣದ ಬೆಳಕು ಕಾಣುತ್ತದೆ. ಕೆಲವರಿಗೆ ಒಂದು ಕೈ ಮಾತ್ರ ಜುಮ್ಮೆನ್ನುತ್ತದೆ. ಹೊಟ್ಟೆಯಿಂದ ಏನೋ ಎದೆಗೆ ಏರಿದಂತಾಗುತ್ತದೆ. ಹೊಸ ಜಾಗವೂ ಮೊದಲೇ ನೋಡಿದ ಹಾಗೆ ಅನ್ನಿಸುತ್ತದೆ. ಮೂರ್ಛೆ ಎಂದರೆ ಬಿದ್ದು ಒದ್ದಾಡುವುದು ಒಂದೇ ಅಲ್ಲ.

ನಮ್ಮ ಹೆಣ್ಣುಮಕ್ಕಳು ಇದನ್ನು ಮುಚ್ಚಿಡುತ್ತಾರೆ. "ಹುಚ್ಚಿ ಅಂದಾರು, ಲಗ್ನ ಆಗೂದಿಲ್ಲ" ಎಂಬ ಅಂಜಿಕೆ. ಆದರೆ ಇದು ಹುಚ್ಚಲ್ಲ. ಮುಟ್ಟಿದರೆ ಅಂಟುವುದೂ ಇಲ್ಲ. ಒಲೆಯ ಮುಂದೆ, ಬಾವಿಯ ದಂಡೆಯಲ್ಲಿ ಮೂರ್ಛೆ ಬಂದರೆ ಜೀವಕ್ಕೇ ಅಪಾಯ. ಮುಚ್ಚಿಡುವುದು ಅದಕ್ಕಿಂತ ದೊಡ್ಡದೇ?

ಮೂರ್ಛೆ ಬಂದವರನ್ನು ಬೆಂಕಿ, ನೀರಿನಿಂದ ದೂರ ಸರಿಸಿ. ಒಂದು ಮಗ್ಗುಲಿಗೆ ಮಲಗಿಸಿ. ಕೈಯಲ್ಲಿ ಕಬ್ಬಿಣ ಕೊಡಬೇಡಿ, ಚಪ್ಪಲಿ ಮೂಸಿಸಬೇಡಿ, ಬಾಯಲ್ಲಿ ಚಮಚ ತುರುಕಬೇಡಿ. 5 ನಿಮಿಷವಾದರೂ ನಿಲ್ಲದಿದ್ದರೆ 108ಕ್ಕೆ ಫೋನ್ ಮಾಡಿ.

ಬಿಸಿನೀರಿನ ಮೂರ್ಛೆ ಇದ್ದವರಿಗೆ ಉಗುರುಬೆಚ್ಚಗಿನ ನೀರೇ ಸಾಕು. ತಲೆಗೆ ಒಂದೇ ಸಮನೆ ಸುರಿಯಬಾರದು. ಎರೆಯುವ ಮೊದಲು ನುಂಗುವ ಗುಳಿಗೆಯೂ ಇದೆ, ವೈದ್ಯರು ಹೇಳಿದರೆ ಮಾತ್ರ ಕೊಡಿ. ಬೇರೆ ಬಗೆಯ ಮೂರ್ಛೆಗೆ ದಿನಾ ಗುಳಿಗೆ ಬೇಕು. ಕಡಿಮೆಯಾಯಿತೆಂದು ನಾವೇ ಬಿಡಬಾರದು.

ರಾಮದುರ್ಗದ ಸರ್ಕಾರಿ ದವಾಖಾನೆಗಾಗಲಿ, ಧಾರವಾಡದ ಡಿಮ್ಹಾನ್ಸ್‌ಗಾಗಲಿ ಹೋದಾಗ, ಬೀಳುವ ಮೊದಲು ಏನು ಕಂಡಿತು, ಯಾವ ವಾಸನೆ ಬಂತು, ಎಷ್ಟು ಹೊತ್ತು ಇತ್ತು ಎಂಬುದನ್ನು ಹೇಳಿ. ಈಗ ನಿಮಗೆ ಬರೆಯಲು ಬರುತ್ತದೆ. ಒಂದು ಚೀಟಿಯಲ್ಲಿ ಬರೆದುಕೊಂಡೇ ಹೋಗಿ.