ಹಾಜರಿ ಪುಸ್ತಕದಲ್ಲಿ ಹೆಸರಿಲ್ಲದ ಮಗು



ಶಾಲೆಯ ಹಾಜರಿ ಪುಸ್ತಕವು ಯಾರು ಬಂದರು, ಯಾರು ಬಾರಲಿಲ್ಲ ಎಂಬದನ್ನು ತಿಳಿಸುವದು. ಯಾಕೆ ಬಾರಲಿಲ್ಲ ಎಂಬದನ್ನು ತಿಳಿಸಲಾರದು. ಈ ಸಣ್ಣ ಮಾತನ್ನು ಅರಿಯುವದಕ್ಕೆ ನನಗೆ ಹಲವು ವರುಷಗಳು ಹಿಡಿದವು. ಅದನ್ನು ಕಲಿಸಿದವಳು ಬಂಟ್ವಾಳದ ಕಡೆಯಿಂದ ಬರುತ್ತಿದ್ದ ಒಂಬತ್ತನೆಯ ತರಗತಿಯ ಒಬ್ಬ ಹುಡುಗಿ.

ಅವಳು ವಾರಕ್ಕೆ ಎರಡು ದಿನ ತಪ್ಪದೆ ಗೈರುಹಾಜರಾಗುತ್ತಿದ್ದಳು. ಕಾರಣ ಕೇಳಿದರೆ ತಲೆ ತಗ್ಗಿಸಿ ನಿಲ್ಲುವಳು. ನಾನು ಅದನ್ನು ಮೈಗಳ್ಳತನವೆಂದು ಎಣಿಸಿ, ಎಲ್ಲರ ಮುಂದೆ ಗದರಿಸಿ, ಹೆಸರು ತೆಗೆದುಹಾಕುವೆನೆಂದು ಹೆದರಿಸಿದೆನು. ಮರುದಿನದಿಂದ ಅವಳು ಬರಲೇ ಇಲ್ಲ. ಎರಡು ವಾರಗಳ ತರುವಾಯ ನಾನು ಕಾಲುಸಂಕ ದಾಟಿ, ಗುಡ್ಡವೇರಿ ಅವಳ ಮನೆಗೆ ಹೋದೆನು. ಜಗಲಿಯಲ್ಲಿ ತಾಯಿಯು ಗೆರಸೆಯನ್ನು ತೊಡೆಯ ಮೇಲಿಟ್ಟು ಬೀಡಿ ಕಟ್ಟುತ್ತಿದ್ದರು. ಒಳಗೆ ಚಾಪೆಯ ಮೇಲೆ ಹತ್ತು ವರುಷದ ಹುಡುಗನು ಕೈಕಾಲು ಸೆಟೆದುಕೊಂಡು ಮಲಗಿದ್ದನು. ನನ್ನ ವಿದ್ಯಾರ್ಥಿನಿಯು ಅವನಿಗೆ ಗಂಜಿ ಉಣಿಸುತ್ತಿದ್ದಳು. ಕಟ್ಟಿದ ಬೀಡಿಯನ್ನು ತಾಯಿಯು ಬ್ರಾಂಚಿಗೆ ಒಯ್ಯುವ ದಿನಗಳಲ್ಲಿ ಈ ತಮ್ಮನನ್ನು ನೋಡಿಕೊಳ್ಳುವದಕ್ಕೆ ಅವಳ ಹೊರತು ಯಾರೂ ಇರಲಿಲ್ಲ.

“ಅವಳ ಮೇಲೆ ಸಿಟ್ಟು ಮಾಡಬೇಡಿ ಟೀಚರೇ, ತಪ್ಪು ನನ್ನದು. ಇಂಥ ಮಗುವನ್ನು ಹೆತ್ತವಳು ನಾನಲ್ಲವೇ?” ಎಂದು ತಾಯಿ ಹೇಳಿದರು. ಆ ದಿನ ನನಗೆ ಬಾಯಿ ಬರಲಿಲ್ಲ. ಅಂದು ಕೊಡಲಾರದ ಉತ್ತರವನ್ನೇ ಈ ಪಾಠದಲ್ಲಿ ಬರೆಯುತ್ತಿದ್ದೇನೆ.

1. ತಪ್ಪು ಯಾರದು?

ಆ ಹುಡುಗನ ಸ್ಥಿತಿಯನ್ನು ವೈದ್ಯರು ಸೆರೆಬ್ರಲ್ ಪಾಲ್ಸಿ ಎಂದು ಕರೆಯುತ್ತಾರೆ. ಗರ್ಭದಲ್ಲಾಗಲಿ, ಹೆರಿಗೆಯ ವೇಳೆಯಲ್ಲಾಗಲಿ, ಹುಟ್ಟಿದ ಸ್ವಲ್ಪ ಕಾಲದೊಳಗಾಗಲಿ ಬೆಳೆಯುವ ಮಿದುಳಿಗೆ ಪೆಟ್ಟಾದರೆ ಇದು ಉಂಟಾಗುವದು. ದಿನ ತುಂಬದ ಹೆರಿಗೆ, ಪ್ರಾಣವಾಯುವಿನ ಕೊರತೆ, ಕಠಿಣವಾದ ಕಾಮಾಲೆ, ಸೋಂಕು, ಇವು ಕಾರಣಗಳಾಗಬಹುದು. ತಾಯಿಯ ಪಾಪವಾಗಲಿ ಹಿರಿಯರ ದೋಷವಾಗಲಿ ಈ ಪಟ್ಟಿಯಲ್ಲಿಲ್ಲ.

ಬೆಳ್ತಂಗಡಿ ತಾಲೂಕಿನ ಕೊಕ್ಕಡ, ಪಟ್ರಮೆ, ನಿಡ್ಲೆ ಗ್ರಾಮಗಳವರು ಇದೇ ಪ್ರಶ್ನೆಯನ್ನು ಬಹು ಕಷ್ಟದಿಂದ ಎದುರಿಸಿದರು. ಆ ಸೀಮೆಯ ಸರಕಾರಿ ಗೇರು ತೋಟಗಳ ಮೇಲೆ 2000ದ ವರೆಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕವು ಸಿಂಪಡಿಸಲ್ಪಟ್ಟಿತು. ಮಕ್ಕಳ ಸ್ಥಿತಿಯನ್ನು ಹಣೆಬರಹವೆಂದು ಮುಚ್ಚಿಟ್ಟುಕೊಂಡಿದ್ದ ಮನೆಗಳವರು ಕೊನೆಗೆ ಬೀದಿಗೆ ಬಂದು ನ್ಯಾಯ ಕೇಳಿದರು. ಸರಕಾರವು ಅವರನ್ನು ಬಾಧಿತರೆಂದು ಒಪ್ಪಿ ಪರಿಹಾರವನ್ನೂ ತಿಂಗಳ ಪಿಂಚಣಿಯನ್ನೂ ಗೊತ್ತುಮಾಡಿತು. ಕೊಕ್ಕಡದಲ್ಲಿ ಹಗಲು ಪಾಲನಾ ಕೇಂದ್ರವು ತೆರೆಯಲ್ಪಟ್ಟಿತು. 2011ರ ಮೇ 13ರಂದು ಸುಪ್ರೀಂ ಕೋರ್ಟು ದೇಶದಲ್ಲೆಲ್ಲಾ ಆ ವಿಷವನ್ನು ತಡೆಯಿತು. ತಾಯಂದಿರು ನಾಚಿಕೆಯನ್ನು ಬಿಟ್ಟು ಮಾತಾಡಿರದಿದ್ದರೆ ಇವುಗಳಲ್ಲಿ ಒಂದೂ ಆಗುತ್ತಿರಲಿಲ್ಲ.

2. ಮನೆಯ ಲೆಕ್ಕ

“ಸರಕಾರ ಎಲ್ಲಾ ಕೊಡುತ್ತದೆ, ಇವರು ಹೋಗುವದಿಲ್ಲ” ಎಂದು ನಾವು ಸುಲಭವಾಗಿ ಹೇಳಿಬಿಡುತ್ತೇವೆ. ಲೆಕ್ಕ ಹಾಕಿ ನೋಡಿರಿ. ಬೀಡಿಯ ಮಜೂರಿಯು ಸಾವಿರಕ್ಕೆ ಇಷ್ಟೆಂದು ಸಿಕ್ಕುವದು. ಕಟ್ಟದ ದಿನ ಕಾಸಿಲ್ಲ. ಪ್ರಮಾಣಪತ್ರಕ್ಕಾಗಿ ಮಂಗಳೂರಿಗೆ ಹೋಗುವದೆಂದರೆ, ಹತ್ತು ವರುಷದ ಮಗನನ್ನು ಹೆಗಲ ಮೇಲೆ ಹೊತ್ತು ಗುಡ್ಡವಿಳಿಯಬೇಕು, ಬಸ್ಸಿನ ಜನರ ಕಣ್ಣುಗಳನ್ನು ಸಹಿಸಬೇಕು, ಒಂದು ದಿನದ ಮಜೂರಿಯನ್ನು ಬಿಡಬೇಕು. “ಆ ಕಾಗದ ಇಲ್ಲ, ಮುಂದಿನ ವಾರ ಬನ್ನಿ” ಎಂಬ ಒಂದು ಮಾತಿನಿಂದ ಇಷ್ಟೂ ವ್ಯರ್ಥವಾಗುವದು.

ಬುಟ್ಟಿ ಹೆಣೆದು ಬದುಕುವ ಕೊರಗ ಮನೆಗಳಲ್ಲಿ ಈ ಭಾರವು ಇಮ್ಮಡಿಯಾಗುವದು. ಅವರನ್ನು ಹೀನವಾಗಿ ಕಾಣುತ್ತಿದ್ದ ಅಜಲು ಪದ್ಧತಿಯನ್ನು ಕರ್ನಾಟಕವು 2000ದ ಕಾನೂನಿನಿಂದ ನಿಷೇಧಿಸಿತು. ಆದರೆ ತಲೆತಲಾಂತರದಿಂದ ಅಂಗಳದ ಹೊರಗೆ ನಿಲ್ಲಿಸಲ್ಪಟ್ಟವರಿಗೆ ಕಚೇರಿಯ ಮೆಟ್ಟಲು ಏರುವ ಧೈರ್ಯವು ಒಂದು ಕಾನೂನಿನಿಂದಲೇ ಬಾರದು. ಜೊತೆಗೆ ನಡೆಯುವವರು ಬೇಕು.

3. ಕಾನೂನು ಕೊಟ್ಟ ಹಕ್ಕುಗಳು

ಪ್ರತಿ ಹೆತ್ತವರೂ ಇವುಗಳನ್ನು ತಿಳಿದಿರತಕ್ಕದ್ದು.

2016ರ ವಿಕಲಚೇತನರ ಹಕ್ಕುಗಳ ಕಾಯಿದೆಯು 21 ಬಗೆಯ ನ್ಯೂನತೆಗಳನ್ನು ಹೆಸರಿಸುತ್ತದೆ. ಶೇಕಡಾ 40 ಅಥವಾ ಹೆಚ್ಚು ನ್ಯೂನತೆಯುಳ್ಳ 6ರಿಂದ 18 ವರುಷದ ಮಗುವಿಗೆ ನೆರೆಯ ಶಾಲೆಯಲ್ಲಾಗಲಿ, ತಾನು ಬಯಸಿದ ವಿಶೇಷ ಶಾಲೆಯಲ್ಲಾಗಲಿ ಉಚಿತವಾಗಿ ಕಲಿಯುವ ಹಕ್ಕುಂಟು. ಪರೀಕ್ಷೆಯಲ್ಲಿ ಹೆಚ್ಚು ಸಮಯ, ಉತ್ತರ ಬರೆದುಕೊಡುವವರ ಸಹಾಯ, ಎರಡನೆಯ ಮತ್ತು ಮೂರನೆಯ ಭಾಷೆಗಳಿಂದ ವಿನಾಯಿತಿ, ಇವುಗಳಿಗೂ ಅದರಲ್ಲಿ ಎಡೆಯುಂಟು. ಶಾಲೆಗೆ ಬರಲಾರದ ಮಗುವಿಗೆ ಗೃಹಾಧಾರಿತ ಶಿಕ್ಷಣವುಂಟು. ಇದಕ್ಕೆ ತಾಲೂಕಿನ ಕ್ಷೇತ್ರ ಸಂಪನ್ಮೂಲ ಕೇಂದ್ರದಲ್ಲಿ ವಿಚಾರಿಸತಕ್ಕದ್ದು. ಸೆರೆಬ್ರಲ್ ಪಾಲ್ಸಿ, ಆಟಿಸಂ, ಬುದ್ಧಿಮಾಂದ್ಯ, ಬಹುವಿಧ ನ್ಯೂನತೆ ಇರುವವರಿಗೆ ನಿರಾಮಯ ಎಂಬ ಆರೋಗ್ಯ ವಿಮೆಯು ವರುಷಕ್ಕೆ 1 ಲಕ್ಷ ರೂಪಾಯಿಯ ವರೆಗೆ ಸಿಕ್ಕುವದು. ಇಂಥ ಮಗುವಿಗೆ 18 ವರುಷ ತುಂಬಿದ ಮೇಲೆ ಕಾನೂನಿನ ಪೋಷಕರನ್ನು ನೇಮಿಸುವದಕ್ಕೆ 1999ರ ರಾಷ್ಟ್ರೀಯ ನ್ಯಾಸ ಕಾಯಿದೆಯಲ್ಲಿ ದಾರಿಯುಂಟು. “ನಾವು ಸತ್ತ ಮೇಲೆ ಇವನ ಗತಿಯೇನು?” ಎಂದು ರಾತ್ರಿ ನಿದ್ದೆಗೆಡುವ ತಾಯಂದಿರು ಇದನ್ನು ನೆನಪಿಡಲಿ.

4. ಕಲಿಸುವ ಬಗೆ

ಮೊದಲನೆಯ ಪಾಠವು ಅಕ್ಷರವಲ್ಲ, ಕೂರುವದು. ಮಲಗಿರುವ ಮಗುವಿಗೆ ಉಣಿಸಿದರೆ ಅನ್ನವು ಶ್ವಾಸನಾಳಕ್ಕೆ ಹೋಗುವ ಅಪಾಯವುಂಟು. ಬೆನ್ನಿಗೂ ಎರಡು ಬದಿಗೂ ಆಸರೆಯುಳ್ಳ ಮೂಲೆ ಕುರ್ಚಿಯನ್ನು, ತಜ್ಞರು ಹೇಳಿದ ಅಳತೆಗೆ ಊರಿನ ಆಚಾರಿಯೇ ಮಾಡಬಲ್ಲನು. ಕೂತ ಮಗುವು ಗೋಡೆಯ ಬದಲು ಮನೆಯವರ ಮುಖಗಳನ್ನು ನೋಡುವದು. ಬಳಿಕ ಎರಡು ವಸ್ತುಗಳನ್ನು ತೋರಿಸಿ, ಯಾವದು ಬೇಕೆಂದು ಕೇಳಿ, ಕಣ್ಣಿನಿಂದ ಆರಿಸುವದಕ್ಕೆ ಸಮಯ ಕೊಡಬೇಕು. ಮಾತು ಬಾರದು ಎಂದರೆ ಮನಸ್ಸಿಲ್ಲ ಎಂದಲ್ಲ.

ಅಮೆರಿಕದಲ್ಲಿ 1876ರಲ್ಲಿ ಒಬ್ಬ ಬಡ ಹುಡುಗಿಯು ಕಾಲಿನ ರೋಗವಿದ್ದ ತಮ್ಮನೊಡನೆ ದಿಕ್ಕಿಲ್ಲದವರ ಆಶ್ರಯಕ್ಕೆ ಸೇರಿಸಲ್ಪಟ್ಟಳು. ಕೆಲವು ತಿಂಗಳಲ್ಲೇ ತಮ್ಮನು ಅಲ್ಲಿ ತೀರಿಕೊಂಡನು. ಅವಳ ಕಣ್ಣೂ ಮಂದವಾಗಿತ್ತು. ಆದರೂ 1880ರಲ್ಲಿ ಅವಳಿಗೆ ಅಂಧರ ಶಾಲೆಯ ಬಾಗಿಲು ತೆರೆಯಿತು. 1887ರಲ್ಲಿ ಅವಳೇ ಕಣ್ಣೂ ಕಿವಿಯೂ ಇಲ್ಲದ ಬಾಲಕಿಯ ಒಂದು ಕೈಯ ಮೇಲೆ ನೀರು ಸುರಿಯಿಸಿ, ಇನ್ನೊಂದು ಕೈಯಲ್ಲಿ ‘ನೀರು’ ಎಂಬ ಮಾತನ್ನು ಬೆರಳಿನಿಂದ ಬರೆದಳು. ಆ ಬಾಲಕಿ ಹೆಲೆನ್ ಕೆಲ್ಲರ್. ಉಪಾಧ್ಯಾಯಿನಿ ಆನ್ ಸಲಿವನ್. ಆ ಕಾಲದಲ್ಲಿ ಸಲಿವನಳ ಹೆಸರನ್ನು ಯಾರಾದರೂ ಪುಸ್ತಕದಿಂದ ತೆಗೆದುಹಾಕಿದ್ದರೆ! ನಾನು ಹೆದರಿಸಿದ ಹುಡುಗಿಯನ್ನು ನೆನೆದಾಗಲೆಲ್ಲಾ ಈ ಯೋಚನೆಯು ನನ್ನನ್ನು ಚುಚ್ಚುವದು.

5. ನಾವು ಮಾಡತಕ್ಕದ್ದು

ಆ ಮನೆಯವರು ನಮ್ಮಿಂದ ಹಣ ಕೇಳಲಿಲ್ಲ. ವಾರಕ್ಕೆ ಎರಡು ದಿನ ಮಗನ ಬಳಿ ಕೂರುವವರನ್ನು ಕೇಳಿದರು. ನೆರೆಮನೆಯ ಅಜ್ಜಿ ಒಂದು ದಿನವನ್ನೂ ಹತ್ತಿರದ ನಮ್ಮ ಪೂರ್ವ ವಿದ್ಯಾರ್ಥಿನಿಯೊಬ್ಬಳು ಇನ್ನೊಂದು ದಿನವನ್ನೂ ಒಪ್ಪಿಕೊಂಡರು. ಮೂಡಬಿದ್ರೆಯಲ್ಲಿ ಫಿಸಿಯೋಥೆರಪಿ ವೃತ್ತಿಯಲ್ಲಿರುವ ಮತ್ತೊಬ್ಬಳು ತಿಂಗಳಿಗೊಮ್ಮೆ ಬಂದು ಕೈಕಾಲು ಸಡಿಲಿಸುವ ಕ್ರಮವನ್ನು ತಾಯಿಗೆ ಕಲಿಸಿದಳು. ಹುಡುಗನು ನಡೆಯಲಿಲ್ಲ, ಮುಂದೆ ನಡೆಯುವನೆಂದು ಯಾರೂ ಹೇಳಲಿಲ್ಲ. ಆದರೆ ಅವನು ಕೂರುತ್ತಾನೆ, ಅಕ್ಕ ಬರುವ ಹೊತ್ತಿಗೆ ಬಾಗಿಲ ಕಡೆ ನೋಡಿ ನಗುತ್ತಾನೆ. ಅಕ್ಕನು ಒಂದು ವರುಷ ತಡವಾಗಿ ಹತ್ತನೆಯ ತರಗತಿಯನ್ನು ದಾಟಿದಳು. ಆ ಒಂದು ವರುಷವು ನನ್ನ ಸಾಲ.

ಅಂದಿನಿಂದ ನಾನು ಗೈರುಹಾಜರಾದವಳನ್ನು ಮೊದಲು ಕೇಳುವದು ಒಂದೇ ಪ್ರಶ್ನೆ: “ಮನೆಯಲ್ಲಿ ಯಾರಿದ್ದಾರೆ ಮಗೂ?”

ಮನನಕ್ಕಾಗಿ:

(1) ನಿಮ್ಮ ಬೀದಿಯಲ್ಲಿ ಹೊರಗೆ ಕಾಣದ ಮಗುವಿರುವ ಮನೆ ಯಾವದು?

(2) ಆ ಮನೆಯ ತಾಯಿಯು ಕೊನೆಯ ಸಲ ಮದುವೆಗೋ ಜಾತ್ರೆಗೋ ಹೋದದ್ದು ಎಂದು?

(3) ವಾರದಲ್ಲಿ ನಿಮ್ಮ ಯಾವ ಎರಡು ಗಳಿಗೆಗಳನ್ನು ಅವರಿಗೆ ಕೊಡಬಲ್ಲಿರಿ?