ಮಿಕ್ಕ ಬೀಜಕ್ಕೆ ವರ್ಷ ಎಣಿಸಬೇಡಿ, ಮಳೆಗಾಲ ಎಣಿಸಿ

ಹಿಂದಿನ ಹಂಗಾಮಿನಲ್ಲಿ ಬಿತ್ತಿ ಮಿಕ್ಕ ತರಕಾರಿ ಬೀಜವನ್ನು ಕೆಲವರು ಪೊಟ್ಟಣದ ಮೇಲಿನ ತಾರೀಖು ಮುಗಿಯಿತೆಂದು ತಿಪ್ಪೆಗೆ ಎಸೆಯುತ್ತಾರೆ. ಇನ್ನು ಕೆಲವರು ಒಂದು ಹಿಡಿ ಹೆಚ್ಚಿಗೆ ಹಾಕಿದರಾಯಿತೆಂದು ಕಣ್ಣು ಮುಚ್ಚಿ ಬಿತ್ತುತ್ತಾರೆ. ದೆಹಲಿಯ ದ್ವಾರಕಾದಲ್ಲಿ ಮಹಡಿಯ ಮೇಲೆ ಬದನೆ, ಬೆಂಡೆ ಬೆಳೆಯುವವರಿಗೂ, ಅದರ ಪಕ್ಕದ ನಜಫ್‌ಗಢದ ಕಡೆ ಹೊಲ ಮಾಡುವವರಿಗೂ ಈ ಎರಡು ದಾರಿಯೂ ನಷ್ಟದ್ದೇ. ಪೊಟ್ಟಣದ ತಾರೀಖು ಬೀಜದ ಆಯುಸ್ಸನ್ನು ಹೇಳುವುದಿಲ್ಲ. ಪ್ರಮಾಣಿತ ಬೀಜಕ್ಕೆ ಪರೀಕ್ಷೆಯಾದ ದಿನದಿಂದ 9 ತಿಂಗಳ ಮಾನ್ಯತೆ ಕೊಡುತ್ತಾರೆ. ಮತ್ತೆ ಪರೀಕ್ಷಿಸಿ ಮೊಳಕೆ ಸರಿಯಿದ್ದರೆ 6 ತಿಂಗಳು ವಿಸ್ತರಿಸುತ್ತಾರೆ. ಅಂದರೆ ತಾರೀಖು ಮುಗಿದಾಗ ಮುಗಿಯುವುದು ಮಾರಿದವರ ಖಾತರಿ. ಬೀಜ ಬದುಕಿದೆಯೋ ಸತ್ತಿದೆಯೋ ಎಂಬುದು ಅದನ್ನು ಎಲ್ಲಿಟ್ಟಿದ್ದೀರಿ, ಹೇಗಿಟ್ಟಿದ್ದೀರಿ ಎಂಬುದರ ಮೇಲೆ ನಿಂತಿದೆ.

ಅಮೆರಿಕದ ಬೀಜ ವಿಜ್ಞಾನಿ ಹ್ಯಾರಿಂಗ್ಟನ್ ಕೊಟ್ಟ ಲೆಕ್ಕ ಇಂದಿಗೂ ಕೃಷಿ ಕಾಲೇಜುಗಳಲ್ಲಿ ಪಾಠ. ಬೀಜದ ತೇವಾಂಶ ಶೇ 1ರಷ್ಟು ಇಳಿದರೆ ಆಯುಸ್ಸು ಇಮ್ಮಡಿ, ಉಷ್ಣಾಂಶ 5 ಡಿಗ್ರಿ ಇಳಿದರೂ ಇಮ್ಮಡಿ. ತೇವಾಂಶ ಶೇ 5ರಿಂದ 14ರೊಳಗೆ ಇರುವಾಗ ಈ ಲೆಕ್ಕ ಸುಮಾರಾಗಿ ಹೊಂದುತ್ತದೆ. ಶೇ 12 ತೇವದ ಬೀಜವನ್ನು ಶೇ 8ಕ್ಕೆ ಒಣಗಿಸಿದರೆ ಆಯುಸ್ಸು 16 ಪಟ್ಟು ಹೆಚ್ಚುತ್ತದೆ. 35 ಡಿಗ್ರಿಯ ಕೋಣೆಯಿಂದ 25 ಡಿಗ್ರಿಯ ಕೋಣೆಗೆ ಸಾಗಿಸಿದರೆ ಹೆಚ್ಚುವುದು 4 ಪಟ್ಟು ಮಾತ್ರ. ಆದ್ದರಿಂದ ದೆಹಲಿಯಲ್ಲಿ ಬೀಜವನ್ನು ಕೊಲ್ಲುವುದು ಎಲ್ಲರೂ ಹೆದರುವ ಮೇ ತಿಂಗಳ ಒಣ ಬಿಸಿಲಿಗಿಂತ ಹೆಚ್ಚಾಗಿ ಜುಲೈ–ಆಗಸ್ಟ್‌ನ ಸೆಕೆ. ಬಿಸಿ, ತೇವ ಎರಡೂ ಕೂಡುವ ಆ ಎರಡು ತಿಂಗಳು ರಬ್ಬರ್‌ ಬ್ಯಾಂಡ್ ಹಾಕಿ ಮಡಚಿಟ್ಟ ಪೊಟ್ಟಣ ಗಾಳಿಯ ತೇವವನ್ನೆಲ್ಲ ಕುಡಿಯುತ್ತದೆ. ಇದೇ ಊರಿನ ಪೂಸಾ ಆವರಣದಲ್ಲಿರುವ ರಾಷ್ಟ್ರೀಯ ಜೀನ್ ಬ್ಯಾಂಕ್‌ನಲ್ಲಿ ಚೆನ್ನಾಗಿ ಒಣಗಿಸಿದ ಬೀಜವನ್ನು ಮೈನಸ್ 18 ಡಿಗ್ರಿಯಲ್ಲಿ ದಶಕಗಳ ಮಟ್ಟಿಗೆ ಕಾಪಿಡುತ್ತಾರೆ. ಊರು ಒಂದೇ, ಬೀಜವೂ ಒಂದೇ, ಶೇಖರಣೆಯಷ್ಟೇ ಬೇರೆ.

ಬೆಳೆಯಿಂದ ಬೆಳೆಗೂ ವ್ಯತ್ಯಾಸವಿದೆ. ಟೊಮೆಟೊ, ಬದನೆ, ಸೌತೆ, ಕುಂಬಳ, ಮೂಲಂಗಿ ಒಣ ಜಾಗದಲ್ಲಿ ಮೂರು ನಾಲ್ಕು ವರ್ಷ ತಾಳುತ್ತವೆ. ಬೆಂಡೆ, ಮೆಣಸಿನಕಾಯಿ ಎರಡು ವರ್ಷ. ಈರುಳ್ಳಿಯದೇ ತಲೆನೋವು. ಉತ್ತರ ಭಾರತದಲ್ಲಿ ಈರುಳ್ಳಿ ಬೀಜದ ಕೊಯ್ಲು ಮೇ ಹೊತ್ತಿಗೆ ಆಗುತ್ತದೆ. ಅಕ್ಟೋಬರ್‌–ನವೆಂಬರ್‌ನಲ್ಲಿ ಹಿಂಗಾರಿಗೆ ಸಸಿಮಡಿ ಹಾಕುವಾಗಲೇ ಅದು ಒಂದು ಮಳೆಗಾಲ ಕಂಡಿರುತ್ತದೆ. ಅದರಲ್ಲಿ ಮಿಕ್ಕಿದ್ದನ್ನು ಮುಂದಿನ ವರ್ಷಕ್ಕೆ ಇಟ್ಟರೆ ಎರಡಾಯಿತು. ತೆರೆದ ಪೊಟ್ಟಣದಲ್ಲಿ ಎರಡು ಮಳೆಗಾಲ ಕಂಡ ಈರುಳ್ಳಿ ಬೀಜವನ್ನು ನಂಬಲಾಗದು. ಗದಗ, ಧಾರವಾಡದ ಕಡೆ ಈರುಳ್ಳಿಯನ್ನು ಕೂರಿಗೆಯಿಂದ ನೇರ ಬಿತ್ತುವವರಂತೂ ಅದನ್ನು ಮುಟ್ಟಲೇಬಾರದು.

ಉಳಿದ ಬೀಜಕ್ಕೆ ಪರೀಕ್ಷೆಯೊಂದೇ ತೀರ್ಪು, ಅದಕ್ಕೆ ಪ್ರಯೋಗಾಲಯವೇನೂ ಬೇಡ. ಒದ್ದೆ ಮಾಡಿ ಹಿಂಡಿದ ಹತ್ತಿ ಬಟ್ಟೆಯ ಮೇಲೆ 100 ಬೀಜ ಸಾಲಾಗಿ ಇಟ್ಟು, ಸುರುಳಿ ಸುತ್ತಿ, ಒಣಗದಂತೆ ಪ್ಲಾಸ್ಟಿಕ್ ಚೀಲದಲ್ಲಿಡಿ. ಹತ್ತೇ ಬೀಜ ನೆನೆಸಿ ಏಳು ಮೊಳೆತವು, ಸಾಕು ಎನ್ನುವುದು ಪರೀಕ್ಷೆಯಲ್ಲ. ಹತ್ತರಲ್ಲಿ ಏಳು ಬಂದಾಗ ಬೀಜದ ನಿಜವಾದ ಮೊಳಕೆ ಶೇ 35 ಇರಬಹುದು, 93ರಷ್ಟೂ ಇರಬಹುದು. ನೂರರಲ್ಲಿ 70 ಬಂದರೆ ಅದು ಸುಮಾರು 60ರಿಂದ 79ರೊಳಗೆ ಇರುತ್ತದೆ. ಬೇರು, ಕಾಂಡ ಎರಡೂ ನೆಟ್ಟಗಿರುವ ಸಸಿಯನ್ನಷ್ಟೇ ಎಣಿಸಿ. ಬಾಯಿ ಬಿಟ್ಟು ಅಲ್ಲಿಗೇ ನಿಂತದ್ದು ಲೆಕ್ಕಕ್ಕಿಲ್ಲ. ಕೊನೆಯ ಎಣಿಕೆ ಸೌತೆಗೆ 8ನೇ ದಿನ, ಈರುಳ್ಳಿಗೆ 12, ಟೊಮೆಟೊ ಮತ್ತು ಮೆಣಸಿನಕಾಯಿಗೆ 14, ಬೆಂಡೆಗೆ 21. ದೆಹಲಿಯ ಜನವರಿ ಚಳಿಯಲ್ಲಿ ಒಳ್ಳೆಯ ಬೀಜವೂ ಮೊಳೆಯದೆ ಕೂರುವುದರಿಂದ ಸುರುಳಿಯನ್ನು ಮನೆಯ ಬೆಚ್ಚಗಿನ ಮೂಲೆಯಲ್ಲಿಡಬೇಕು. ಇಪ್ಪತ್ತೇ ಬೀಜ ಮಿಕ್ಕಿದ್ದರೆ ಈ ಉಪದ್ವ್ಯಾಪ ಬಿಟ್ಟು ಸಸಿ ಬೆಳೆಸುವ ಪ್ರೋಟ್ರೇಗೆ ಹಾಕಿಬಿಡಿ. ಬಂದಷ್ಟು ಬರಲಿ.

ಪ್ರಮಾಣಿತ ಬೀಜಕ್ಕೆ ಸರ್ಕಾರ ಗೊತ್ತುಮಾಡಿದ ಕನಿಷ್ಠ ಮೊಳಕೆ ಟೊಮೆಟೊ, ಬದನೆ, ಈರುಳ್ಳಿಗೆ ಶೇ 70, ಬೆಂಡೆಗೆ 65, ಮೆಣಸಿನಕಾಯಿಗೂ ಸೌತೆ, ಸೋರೆಯಂಥ ಬಳ್ಳಿ ತರಕಾರಿಗೂ 60. ನಿಮ್ಮ ಬೀಜ ಆ ಮಟ್ಟ ಮುಟ್ಟಿದರೆ ಧಾರಾಳವಾಗಿ ಬಿತ್ತಿ. ಮಟ್ಟದ ಅರ್ಧಕ್ಕೂ ಕೆಳಗಿದ್ದರೆ ಬಿಡಿ. ತಕರಾರು ಹುಟ್ಟುವುದು ನಡುವಿನ ಬೀಜದಲ್ಲಿ. ಬೆಂಡೆಯ ಮೊಳಕೆ ಶೇ 50 ಇದ್ದರೆ 10 ಕಿಲೋ ಜಾಗದಲ್ಲಿ 13 ಕಿಲೋ ಬಿತ್ತಿದರೆ ಸರಿಹೋಗುತ್ತದಲ್ಲ ಎಂದು ಕೇಳಬಹುದು. ಕಾಗದದ ಮೇಲೆ ಸರಿ, ಹೊಲದಲ್ಲಿ ಅಲ್ಲ. ಬೀಜ ಹಳತಾಗುವಾಗ ಮೊದಲು ಕುಗ್ಗುವುದು ಅದರ ಕಸುವು, ಮೊಳಕೆ ಬೀಳುವುದು ಆಮೇಲೆ. ಬೆಚ್ಚನೆ ಬಟ್ಟೆಯಲ್ಲಿ ಐವತ್ತು ಮೊಳೆತ ಬೀಜ ಫೆಬ್ರವರಿಯ ತಣ್ಣನೆ ಮಣ್ಣಿನಲ್ಲಿ, ಅಥವಾ ನೀರು ಹಾಯಿಸಿದ ಮೇಲೆ ಹೆಪ್ಪುಗಟ್ಟಿದ ಮಣ್ಣಿನಲ್ಲಿ, ಮೂವತ್ತೂ ಮೇಲೇಳದೆ ಕೊಳೆಯಬಹುದು. ಎದ್ದವೂ ಹಿಂದೆ ಮುಂದೆ ಏಳುವುದರಿಂದ ಕಳೆ, ಗೊಬ್ಬರ, ಕೊಯ್ಲು ಎಲ್ಲದಕ್ಕೂ ತೊಂದರೆ. ಹಾಗಾಗಿ ನಡುವಿನ ದರ್ಜೆಯ ಬೀಜವನ್ನು ಸಸಿ ಮಾಡಿ ನೆಡುವ ಬೆಳೆಗಳಿಗೆ ಮಾತ್ರ ಮೀಸಲಿಡಬೇಕು. ಟೊಮೆಟೊ, ಬದನೆ, ಹೂಕೋಸಿನ ಪ್ರೋಟ್ರೇಯಲ್ಲಿ ನೀರು, ನೆರಳು ನಮ್ಮ ಕೈಯಲ್ಲಿರುತ್ತದೆ; ಏಳದ ಗುಳಿ ಖಾಲಿ ಉಳಿಯುತ್ತದೆಯೇ ಹೊರತು ಹೊಲ ಖಾಲಿಯಾಗುವುದಿಲ್ಲ. ನೇರ ಬಿತ್ತುವ ಬೆಂಡೆ, ಬೀನ್ಸ್, ಮೂಲಂಗಿಗೆ ಮಟ್ಟ ಮುಟ್ಟಿದ ಬೀಜವೇ ಬೇಕು, ಇಲ್ಲದಿದ್ದರೆ ಹೊಸದು.

ಒಟ್ಟು ಬೇಸಾಯದ ಖರ್ಚಿನಲ್ಲಿ ಬೀಜದ ಪಾಲು ಅಲ್ಪ, ಅದಕ್ಕಾಗಿ ಇಷ್ಟು ಪಾಡೇಕೆ ಎಂಬ ಆಕ್ಷೇಪಣೆ ಮೆಂತ್ಯ, ಕೊತ್ತಂಬರಿ, ಪಾಲಕ್‌ಗಳ ಮಟ್ಟಿಗೆ ಪೂರ್ತಿ ಸರಿ. ಅವನ್ನು ಹೊಸದಾಗಿಯೇ ಕೊಳ್ಳಿ. ಹೈಬ್ರಿಡ್ ಟೊಮೆಟೊ, ದಪ್ಪ ಮೆಣಸಿನಕಾಯಿಯ ಬೀಜವನ್ನು ಗ್ರಾಂ ಲೆಕ್ಕದಲ್ಲಿ ಕೊಳ್ಳುವವರಿಗೆ ಆ ಮಾತು ಹೊಂದುವುದಿಲ್ಲ. ಹೈಬ್ರಿಡ್ ಬೀಜ ಹಳತಾದರೆ ತಳಿ ಕೆಡುತ್ತದೆ ಎಂಬುದೂ ತಪ್ಪು ತಿಳಿವಳಿಕೆ. ತಳಿ ಗುಣ ಚದುರುವುದು ಹೈಬ್ರಿಡ್ ಗಿಡದ ಹಣ್ಣಿನಿಂದ ನೀವು ಬೀಜ ತೆಗೆದಾಗ. ಪೊಟ್ಟಣದಲ್ಲೇ ಮಿಕ್ಕ ಬೀಜ ಎಷ್ಟು ವರ್ಷವಾದರೂ ಅದೇ ತಳಿಯದೇ. ಆದರೆ ಅಲಸಂದೆ, ಅವರೆಯಲ್ಲಿ ತೂತು ಕಂಡರೆ ಬೀಜದ ದುಂಬಿ ತಗುಲಿದೆ ಎಂದರ್ಥ, ಪರೀಕ್ಷಿಸುತ್ತ ಕೂರಬೇಡಿ.

ಶೇಖರಣೆಯಲ್ಲಿ ದೆಹಲಿಗೆ ಕರಾವಳಿಗಿಲ್ಲದ ಒಂದು ಅನುಕೂಲವಿದೆ. ಇಲ್ಲಿ ಮುಂಗಾರು ವಾಡಿಕೆಯಂತೆ ಮುಟ್ಟುವುದು ಜೂನ್ 27ರ ಸುಮಾರಿಗೆ. ಅದಕ್ಕೆ ಮುಂಚೆ ವಾರಗಟ್ಟಲೆ ಬೀಸುವ ಒಣ ಗಾಳಿ, ಇಲ್ಲಿನವರು ‘ಲೂ’ ಎನ್ನುವುದು, ಖರ್ಚಿಲ್ಲದೆ ಬೀಜ ಒಣಗಿಸಿಕೊಡುತ್ತದೆ. ಮಿಕ್ಕ ಬೀಜವನ್ನು ಜೂನ್ ಮೊದಲ ವಾರ ನೆರಳಿನಲ್ಲಿ ತೆಳ್ಳಗೆ ಹರಡಿ, ನಾಲ್ಕೈದು ದಿನ ಬಿಟ್ಟು, ಬಿಗಿ ಮುಚ್ಚಳದ ಗಾಜಿನ ಜಾಡಿಗೆ ತುಂಬಿ. ನೇರ ಬಿಸಿಲಿಗೆ ಹಾಕಬೇಡಿ. ನಮ್ಮ ಹಿರಿಯರು ಬೀಜಕ್ಕೆ ಬೂದಿ ಬೆರೆಸುತ್ತಿದ್ದುದು ತೇವ ಹೀರಲೆಂದೂ ಹುಳು ತಡೆಯಲೆಂದೂ. ಆದರೆ ಬಾಯಿ ತೆರೆದ ಡಬ್ಬಿಯಲ್ಲಿ ಬೂದಿಯೇ ಮಳೆಗಾಲದ ತೇವ ಹೀರಿಕೊಂಡು ಕೂರುತ್ತದೆ. ಜಾಡಿ ಫ್ರಿಜ್ಜಿನಲ್ಲಿದ್ದರೆ ಹೊರತೆಗೆದ ಕೂಡಲೇ ಮುಚ್ಚಳ ತೆಗೆಯಬೇಡಿ, ಕೋಣೆಯ ಶಾಖಕ್ಕೆ ಬರಲಿ. ಇಲ್ಲವಾದರೆ ಒಳಗಿನ ತಂಪು ಬೀಜದ ಮೇಲೆ ಹೊರಗಿನ ತೇವ ನೀರಾಗಿ ಕೂರುತ್ತದೆ. ಪರೀಕ್ಷೆಯಲ್ಲಿ ಸೋತು ಬಿಸಾಡಬೇಕಾದ ಬೀಜ ಗುಲಾಬಿ, ನೀಲಿ ಬಣ್ಣದ್ದಾಗಿದ್ದರೆ ಅದಕ್ಕೆ ಔಷಧ ಲೇಪಿಸಿದ್ದಾರೆಂದು ತಿಳಿಯಿರಿ. ಅದನ್ನು ಮಹಡಿಯ ಪಾರಿವಾಳಗಳಿಗೆ ಚೆಲ್ಲಬೇಡಿ, ಕೋಳಿಗೂ ಹಾಕಬೇಡಿ.